ಬೀಗದ ಕೈ ಮುರಿದಾಗ

ಕನ್ನಡದಲ್ಲಿ ಬೀಗಕ್ಕೂ ಒಂದು ಕೈ ಇದೆ. ನಮ್ಮ ಹಾಸನದ ಕಡೆ ಬೀಗದ ಕೈ ಎನ್ನುತ್ತೇವೆ. ಧಾರವಾಡದ ಕಡೆ ಕೀಲಿಕೈ, ಇನ್ನು ಕೆಲವು ಕಡೆ ಚಾವಿ. ಯಾವ ಹೆಸರಿನಿಂದ ಕರೆದರೂ ಮನೆಯ ಯಜಮಾನಿಕೆ ಇರುವುದು ಅದು ಯಾರ ಹತ್ತಿರ ಇದೆ ಎನ್ನುವುದರಲ್ಲಿ. ನಮ್ಮಜ್ಜಿಯ ಸೊಂಟದಲ್ಲಿ ಒಂದು ಗೊಂಚಲು ಇತ್ತು. ಉಗ್ರಾಣ, ಪೆಟ್ಟಿಗೆ, ದೇವರ ಮನೆ ಎಲ್ಲವೂ ಅದರಲ್ಲೇ. ಆಕೆ ಬರುವುದಕ್ಕೆ ಮೊದಲು ಗೊಂಚಲಿನ ಸದ್ದು ಬರುತ್ತಿತ್ತು. ಬೆಲ್ಲದ ಡಬ್ಬಿಯ ಹತ್ತಿರ ಇದ್ದ ಮಕ್ಕಳು ಓಡಿಹೋಗಲು ಅಷ್ಟು ಸಮಯ ಸಾಕಾಗುತ್ತಿತ್ತು. ಆ ಗೊಂಚಲಿನಲ್ಲಿ ಒಂದು ಕಳೆದುಹೋದರೆ ಊರ ಆಚಾರಿಯೇ ಇನ್ನೊಂದು ಮಾಡಿಕೊಡುತ್ತಿದ್ದ. ಅವನ ಕೂಲಿ ಸುಗ್ಗಿಯಲ್ಲಿ ಕೊಡುವ ಆಯದಲ್ಲೇ ಸೇರಿಹೋಗುತ್ತಿತ್ತು.

ಕಾಲ ಬದಲಾಗಿದೆ. ಈಗ ಮನೆಯ ಬೀಗಕ್ಕಿಂತ ವಾಹನದ ಬೀಗ ದೊಡ್ಡದು. ಕಾರಿನ ಬೀಗದ ಕೈ ಮುರಿದರೆ ಊರ ಆಚಾರಿಯ ಹತ್ತಿರ ಹೋಗುವ ಹಾಗಿಲ್ಲ ಎಂದೇ ಎಲ್ಲರೂ ತಿಳಿದಿದ್ದಾರೆ. ಹಾಗೆ ತಿಳಿದು ಎಷ್ಟು ಹಣ ತೆರುತ್ತೇವೆ ಎನ್ನುವುದು ನನಗೆ ಅರ್ಥವಾದದ್ದು ಹೋದ ವರ್ಷ ಆಷಾಢದಲ್ಲಿ, ನನ್ನ ತಮ್ಮನ ಟ್ಯಾಕ್ಸಿಯ ದೆಸೆಯಿಂದ.

ನಮ್ಮೂರು ನುಗ್ಗೇಹಳ್ಳಿ. ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗುವ ರಸ್ತೆಯಲ್ಲಿ ಸಿಗುವ ಹೋಬಳಿ ಊರು. ತೆಂಗಿನ ತೋಟ, ಹೊಯ್ಸಳರ ಕಾಲದ ಎರಡು ದೇವಸ್ಥಾನ, ಇಷ್ಟು ಹೇಳಿದರೆ ಊರಿನ ಗುರುತು ಹೇಳಿದ ಹಾಗೆ. ತಮ್ಮನದು ಹಳದಿ ಬೋರ್ಡಿನ ಕಾರು. ಮದುವೆಗೆ, ಆಸ್ಪತ್ರೆಗೆ, ಧರ್ಮಸ್ಥಳಕ್ಕೆ ಯಾರು ಕರೆದರೂ ಹೋಗುತ್ತಾನೆ. ಅವನ ಮಗಳು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡನೆಯ ವರ್ಷ ಓದುತ್ತಿದ್ದಳು. ಕಾಲೇಜಿನ ಫೀಸು ಕಟ್ಟಲು ಮುಂದಿನ ಸೋಮವಾರ ಕಡೆಯ ದಿನ. ಹಣ ಒಂದು ಲಕೋಟೆಯಲ್ಲಿ ದೇವರ ಪಟದ ಹಿಂದೆ ಸಿದ್ಧವಾಗಿತ್ತು.

ಬುಧವಾರ ಬೆಳಿಗ್ಗೆ ಬಾಡಿಗೆಗೆಂದು ಕಾರು ತೆಗೆಯಲು ಹೋದವನು ಕೈಯಲ್ಲಿ ಅರ್ಧ ಬೀಗದ ಕೈ ಹಿಡಿದುಕೊಂಡು ವಾಪಸು ಬಂದ. ಸ್ಟೀರಿಂಗ್ ಲಾಕ್ ಬಿಗಿದುಕೊಂಡಿತ್ತಂತೆ. ಸ್ವಲ್ಪ ಒತ್ತಿ ತಿರುಗಿಸಿದಾಗ ಕಟ್ ಎಂದಿತು. ಕಪ್ಪು ಪ್ಲಾಸ್ಟಿಕ್ಕಿನ ತಲೆ ಮತ್ತು ಬೆರಳ ಗೆಣ್ಣಿನಷ್ಟು ಲೋಹ ಅವನ ಕೈಯಲ್ಲಿ, ಉಳಿದ ಲೋಹ ಬೀಗದ ಒಳಗೆ. ಕಾರು ಕೊಂಡಿದ್ದು ಸೆಕೆಂಡ್‌ಹ್ಯಾಂಡಿನಲ್ಲಿ. ಮೊದಲಿನ ಮಾಲೀಕರು ಕೊಟ್ಟದ್ದು ಒಂದೇ ಕೈ. ಎರಡನೆಯದು ಇರಲೇ ಇಲ್ಲ.

ಇಂಥ ಹೊತ್ತಿನಲ್ಲಿ ಸಲಹೆಗೆ ಬರವಿರುವುದಿಲ್ಲ. ಒಬ್ಬರು ಫೆವಿಕ್ವಿಕ್ ತಂದರು. ಮುರಿದ ತುದಿಗೆ ಎರಡು ಹನಿ ಹಾಕಿ ಒಳಗಿನ ತುಂಡಿಗೆ ಅಂಟಿಸಿ ಎಳೆದರೆ ಬಂದುಬಿಡುತ್ತದೆ ಎಂದರು. ಪುಣ್ಯಕ್ಕೆ ನಮ್ಮೂರ ಗ್ಯಾರೇಜಿನ ಹುಡುಗ ಅಲ್ಲೇ ಇದ್ದ. "ಅಂಟು ಬೀಗದ ಒಳಕ್ಕೆ ಇಳಿದರೆ ಆಮೇಲೆ ಬೀಗವನ್ನೇ ಕಿತ್ತು ಹಾಕಬೇಕಾಗ್ತದೆ. ಯಾರೂ ಮುಟ್ಟಬೇಡಿ" ಎಂದು ತಡೆದ. ಆ ದಿನ ಕೇಳಿದ ಮಾತುಗಳಲ್ಲಿ ಮೊದಲನೆಯ ಬುದ್ಧಿವಂತಿಕೆಯ ಮಾತು ಅದು.

ತಮ್ಮ ಶೋರೂಮಿಗೆ ಫೋನ್ ಮಾಡಿದ. ಅವರು ಸೌಜನ್ಯದಿಂದಲೇ ಮಾತನಾಡಿದರು. ಗಾಡಿಯನ್ನು ಎಳೆದು ತರಬೇಕು, ಬೀಗದ ಸೆಟ್ ಪೂರ್ತಿ ಬದಲಾಯಿಸಬೇಕು, ಹೊಸ ಕೈಯನ್ನು ಕಾರಿನ ಕಂಪ್ಯೂಟರಿಗೆ ಪರಿಚಯ ಮಾಡಿಸಬೇಕು, ಸಾಮಾನು ಬರಲು ಒಂದು ವಾರ, ಎಲ್ಲ ಸೇರಿ ಸುಮಾರು 12,000 ರೂಪಾಯಿ. ಅವರು ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಅವರ ಪದ್ಧತಿ ಅದು. ಆದರೆ ತಮ್ಮ ಫೋನ್ ಇಟ್ಟು ಮಾತಿಲ್ಲದೆ ದೇವರ ಪಟದ ಕಡೆ ನೋಡಿದ. ನನಗೂ ಅವನ ಹೆಂಡತಿಗೂ ಅದರ ಅರ್ಥವಾಯಿತು. ಒಂದು ವಾರ ಗಾಡಿ ನಿಂತರೆ ಆ ವಾರದ ದುಡಿಮೆಯೂ ಇಲ್ಲ.

ಸಂಜೆ ಮಗಳು ಹಾಸ್ಟೆಲಿನಿಂದ ಫೋನ್ ಮಾಡಿದಳು. ಅಪ್ಪನ ದನಿಯಲ್ಲೇ ಏನೋ ಆಗಿದೆ ಎಂದು ತಿಳಿದು ನನ್ನ ಹತ್ತಿರ ಮಾತನಾಡಿದಳು.

"ದೊಡ್ಡಪ್ಪಾ, ಮುರಿದಿರೋದು ಯಾವುದು?"

"ಬೀಗದ ಕೈ ಕಣಮ್ಮ."

"ಅದು ಗೊತ್ತಾಯ್ತು. ಲೋಹವಾ, ತಲೆಯಾ? ತಲೆ ಒಡೆದಿದೆಯಾ ನೋಡಿ."

ತಲೆಗೆ ಏನೂ ಆಗಿರಲಿಲ್ಲ. "ಹಾಗಾದ್ರೆ ಫೀಸಿನ ದುಡ್ಡು ಮುಟ್ಟಬೇಡಿ ಅಂತ ಅಪ್ಪನಿಗೆ ಹೇಳಿ. ನಾಳೆ ಬೆಳಿಗ್ಗೆ ಬರ್ತೀನಿ" ಎಂದು ಫೋನ್ ಇಟ್ಟಳು.

ಈ ಒಂದು ಪ್ರಶ್ನೆಯಲ್ಲೇ ಇಡೀ ವಿಷಯ ಅಡಗಿದೆ. ಇವತ್ತಿನ ಕಾರಿನ ಬೀಗದ ಕೈ ಒಂದು ವಸ್ತುವಲ್ಲ, ಎರಡು ಅಥವಾ ಮೂರು ವಸ್ತುಗಳು ಒಂದು ಕವಚದೊಳಗೆ ಕೂತಿರುತ್ತವೆ. ಯಾವುದು ಕೆಟ್ಟಿದೆಯೋ ಅದಕ್ಕೆ ಮಾತ್ರ ಹಣ ಕೊಟ್ಟರೆ ಸಾಕು. ಎಲ್ಲವನ್ನೂ ಒಂದೇ ಎಂದುಕೊಂಡಾಗ ಎಲ್ಲದಕ್ಕೂ ತೆರಬೇಕಾಗುತ್ತದೆ.

ಮೊದಲನೆಯದು ಲೋಹದ ಅಲಗು. ಕಾರಿನ ಬೀಗದೊಳಗೆ ತಿರುಗುವ ಒಂದು ಉರುಳೆ ಇರುತ್ತದೆ. ಉರುಳೆಯಲ್ಲಿ ತೆಳ್ಳಗಿನ ಲೋಹದ ಬಿಲ್ಲೆಗಳು ಸಾಲಾಗಿ ಕೂತಿರುತ್ತವೆ. ಒಂದೊಂದನ್ನೂ ಒಂದು ಪುಟ್ಟ ಸ್ಪ್ರಿಂಗು ತಳ್ಳುತ್ತಿರುತ್ತದೆ. ಹಾಗಾಗಿ ಬಿಲ್ಲೆಗಳು ಹೊರಕ್ಕೆ ಚಾಚಿ ಸುತ್ತಲಿನ ಗೂಡನ್ನು ಕಚ್ಚಿಕೊಂಡಿರುತ್ತವೆ, ಉರುಳೆ ತಿರುಗದು. ಸರಿಯಾದ ಕೈ ಒಳಗೆ ಹೋದಾಗ ಅದರ ಏರುತಗ್ಗುಗಳು ಪ್ರತಿಯೊಂದು ಬಿಲ್ಲೆಯನ್ನೂ ಉರುಳೆಯ ಅಂಚಿಗೆ ಸಮನಾಗಿ ನಿಲ್ಲಿಸುತ್ತವೆ. ಒಂದು ಬಿಲ್ಲೆ ಹೆಚ್ಚುಕಮ್ಮಿಯಾದರೂ ಬೀಗ ಒಪ್ಪುವುದಿಲ್ಲ. ಹಳೆಯ ಅಂಬಾಸಿಡರಿನಂಥ ಕಾರುಗಳಲ್ಲಿ ಬೇರೆ ಯಾರದೋ ಕೈಯಿಂದ ಬಾಗಿಲು ತೆಗೆದ ಕಥೆಗಳನ್ನು ಹಿರಿಯರು ಹೇಳುವುದುಂಟು. ಬಿಲ್ಲೆಗಳು ಸವೆದ ಬೀಗದಲ್ಲಿ ಅದು ನಡೆಯುವಂಥದೇ.

ಇನ್ನೊಂದು ಗುಟ್ಟು ಇದೆ. ಆ ಏರುತಗ್ಗುಗಳು ಮನಸ್ಸಿಗೆ ಬಂದ ಹಾಗೆ ಇರುವುದಿಲ್ಲ. ತಯಾರಕರು ಕೆಲವೇ ಆಳಗಳನ್ನು ನಿಗದಿ ಮಾಡಿರುತ್ತಾರೆ. ಒಂದೊಂದು ಜಾಗದಲ್ಲಿ ಯಾವ ಆಳ ಎನ್ನುವುದನ್ನು ಅಂಕಿಗಳಲ್ಲಿ ಬರೆಯಬಹುದು. ಅಂದರೆ ಬೀಗದ ಕೈ ಎನ್ನುವುದು ಲೋಹದಲ್ಲಿ ಬರೆದ ಒಂದು ಸಂಖ್ಯೆ. ಹೊಸ ಕಾರು ಕೊಂಡಾಗ ಅನೇಕ ಕಂಪನಿಗಳು ಕೈಗಳ ಜೊತೆಗೆ ನಂಬರಿರುವ ಒಂದು ಪುಟ್ಟ ತಗಡಿನ ಬಿಲ್ಲೆ ಕೊಡುತ್ತವೆ. ಬಹಳ ಜನ ಅದನ್ನು ಏನೆಂದು ತಿಳಿಯದೆ ಎಸೆಯುತ್ತಾರೆ. ಕೈ ಕಳೆದರೂ ಆ ನಂಬರಿನಿಂದ ಹೊಸದನ್ನು ಕೊರೆಯಬಹುದು.

ಎರಡನೆಯದು ತಲೆಯೊಳಗಿನ ಚಿಪ್. ಕಳ್ಳರು ವೈರು ಜೋಡಿಸಿ ಕಾರು ಹಾರಿಸಿಕೊಂಡು ಹೋಗುವುದನ್ನು ತಡೆಯಲು ಬಂದದ್ದು ಇದು. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಈ ಏರ್ಪಾಡು ಕಡ್ಡಾಯವಾಯಿತು. ಆಮೇಲೆ ನಮ್ಮ ದೇಶದ ಕಾರುಗಳಿಗೂ ಬಂತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಈ ಚಿಪ್ಪಿಗೆ ಬ್ಯಾಟರಿ ಇಲ್ಲ. ಕಾರಿನ ಬೀಗದ ಸುತ್ತ ಒಂದು ತಂತಿಯ ಸುರುಳಿ ಇರುತ್ತದೆ. ಕೈ ತಿರುಗಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹರಿದು ಕಾಂತಕ್ಷೇತ್ರ ಉಂಟಾಗುತ್ತದೆ. ಅದರಿಂದ ಚಿಪ್ಪಿನೊಳಗಿನ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ಚೂರು ಶಕ್ತಿಯಿಂದಲೇ ಚಿಪ್ ತನ್ನ ಗುರುತು ಹೇಳುತ್ತದೆ. ಗುರುತು ಸರಿಹೋದರೆ ಎಂಜಿನ್ನಿನ ಕಂಪ್ಯೂಟರು ಅಪ್ಪಣೆ ಕೊಡುತ್ತದೆ, ಇಲ್ಲವಾದರೆ ಎಂಜಿನ್ ಹತ್ತುವುದಿಲ್ಲ, ಹತ್ತಿದರೂ ಕ್ಷಣದಲ್ಲಿ ನಿಲ್ಲುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಎಂದು ನೀವು ಭೌತಶಾಸ್ತ್ರದಲ್ಲಿ ಓದಿದ ಪಾಠ ಇದೇ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದು ಮರೆತದ್ದು ಅಪ್ಪನ ಜೇಬಿನಲ್ಲಿ ದಿನವೂ ಓಡಾಡುತ್ತಿರುತ್ತದೆ.

ಮೂರನೆಯದು ಬಾಗಿಲು ತೆರೆಯುವ ಗುಂಡಿಗಳ ರಿಮೋಟು. ಅದಕ್ಕೆ ಮಾತ್ರ ಬ್ಯಾಟರಿ ಬೇಕು. ಎಷ್ಟೋ ಸಲ 'ಕೀ ಕೆಟ್ಟಿದೆ' ಎಂದು ಜನ ಓಡಾಡುವುದು ನಾಣ್ಯದಂಥ ಆ ಬ್ಯಾಟರಿ ಮುಗಿದಿರುವುದಕ್ಕೆ. ಅನೇಕ ಕಾರುಗಳಲ್ಲಿ ಹಾಕುವುದು ಸಿಆರ್ 2032 ಎಂಬುದು. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಕೊಳ್ಳುವ ಮೊದಲು ಹಳೆಯದರ ಮೇಲಿನ ನಂಬರು ನೋಡಿಕೊಳ್ಳಬೇಕು, ಅಷ್ಟೇ.

ಮಗಳು ಗುರುವಾರ ಬೆಳಿಗ್ಗೆ ಬಸ್ಸಿಳಿದು ಬಂದವಳೇ ಕಾಫಿ ಕುಡಿಯುತ್ತ ಚನ್ನರಾಯಪಟ್ಟಣ, ತಿಪಟೂರು, ಹಾಸನದ ಕೀ ಮಾಡುವವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಅವಳು ಕೇಳಿದ ರೀತಿ ನನಗೆ ಹಿಡಿಸಿತು. 'ಎಷ್ಟಾಗ್ತದೆ' ಎಂದು ಶುರು ಮಾಡಲಿಲ್ಲ. ಕಾರು ಯಾವುದು, ಯಾವ ವರ್ಷದ್ದು, ಚಿಪ್ ಸರಿಯಾಗಿದೆ, ಅಲಗು ಮಾತ್ರ ಮುರಿದಿದೆ, ತುಂಡು ಬೀಗದೊಳಗಿದೆ, ಇನ್ನೊಂದು ಕೈ ಇಲ್ಲ, ಊರಿಗೇ ಬಂದು ಮಾಡಿಕೊಡಬೇಕು, ಬಂದುಹೋಗುವ ಖರ್ಚು ಸೇರಿ ಎಷ್ಟು ಎಂದು ಕೇಳಿದಳು. ರೋಗಿ ವೈದ್ಯರಿಗೆ ಸರಿಯಾಗಿ ಹೇಳಿದರೆ ಅರ್ಧ ರೋಗ ವಾಸಿ ಎನ್ನುತ್ತಾರಲ್ಲ, ಹಾಗೆ. ಒಬ್ಬರು 2,500 ಎಂದರು, ಒಬ್ಬರು ಊರಿಗೆ ಬರುವುದಿಲ್ಲ ಎಂದರು, ಮತ್ತೊಬ್ಬರು 1,600ಕ್ಕೆ ಒಪ್ಪಿ ಮಧ್ಯಾಹ್ನದ ಹೊತ್ತಿಗೆ ಬೈಕಿನಲ್ಲಿ ಬಂದೇಬಿಟ್ಟರು.

ಬಂದವರು ಪೆಟ್ಟಿಗೆ ತೆರೆಯುವ ಮೊದಲು ಕೇಳಿದ್ದು ಆರ್‌.ಸಿ. ಪುಸ್ತಕ ಮತ್ತು ಗುರುತಿನ ಚೀಟಿ. ತಮ್ಮನಿಗೆ ಸ್ವಲ್ಪ ಮುಖ ಸಣ್ಣದಾಯಿತು. "ಇದು ನನ್ನ ಕಾರು ಅಂತ ಇಡೀ ಊರಿಗೆ ಗೊತ್ತು" ಎಂದ.

"ಊರಿಗೆ ಗೊತ್ತಣ್ಣಾ, ನನಗೆ ಗೊತ್ತಿಲ್ವಲ್ಲ" ಎಂದರು ಅವರು ನಗುತ್ತ.

ಆ ಮಾತು ಕೇಳಿದ ಮೇಲೆ ನನಗೆ ಅವರಲ್ಲಿ ನಂಬಿಕೆ ಹುಟ್ಟಿತು. ರಸ್ತೆಬದಿಯವರು, ನಾಳೆ ನಮ್ಮ ಬೀಗವನ್ನೇ ತೆಗೆದುಬಿಟ್ಟರೆ ಎಂಬ ಅಳುಕು ಎಲ್ಲರಿಗೂ ಇರುತ್ತದೆ. ದಾಖಲೆ ಕೇಳದೆ ಕೆಲಸಕ್ಕೆ ಕೈ ಹಾಕುವವರಿಂದ ದೂರವಿರಿ. ಕೇಳುವವರ ಮೇಲೆ ಸಿಟ್ಟಾಗಬೇಡಿ. ಅವರು ಕಾಯುತ್ತಿರುವುದು ನಿಮ್ಮ ಕಾರನ್ನೇ.

ಸೂಜಿಯಷ್ಟು ಸಣ್ಣ ಕೊಕ್ಕೆಯನ್ನು ಬೀಗದೊಳಕ್ಕೆ ಬಿಟ್ಟು, ಮುರಿದ ತುಂಡಿನ ಹಲ್ಲಿಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಎಳೆದರು. ಎರಡು ಸಲ ಜಾರಿತು, ಮೂರನೆಯ ಸಲ ಬಂತು. ಎರಡು ತುಂಡುಗಳನ್ನೂ ಬಿಳಿ ಬಟ್ಟೆಯ ಮೇಲೆ ಜೋಡಿಸಿಟ್ಟರು. ನಾನು ಅದನ್ನು ಹಾಗೆಯೇ ಯಂತ್ರಕ್ಕಿಟ್ಟು ನಕಲು ತೆಗೆಯುತ್ತಾರೆಂದುಕೊಂಡಿದ್ದೆ. ಅವರು ಜೇಬಿನಿಂದ ವರ್ನಿಯರ್ ಕ್ಯಾಲಿಪರ್ಸ್ ತೆಗೆದರು. "ಇದು ಸವೆದಿದೆ. ಸವೆದದ್ದರ ನಕಲು ತೆಗೆದರೆ ಸವಕಲೂ ನಕಲಾಗ್ತದೆ" ಎಂದು ಒಂದೊಂದು ತಗ್ಗನ್ನೂ ಅಳೆದು ಕಾಗದದ ಮೇಲೆ ಅಂಕಿ ಬರೆದುಕೊಂಡರು. ಸವೆತ ಕಳೆದು, ಕಂಪನಿಯ ನಿಗದಿತ ಆಳ ಯಾವುದಿರಬೇಕೆಂದು ಲೆಕ್ಕ ಹಾಕಿ, ಹೊಸ ಅಲಗನ್ನು ಆ ಅಳತೆಗೆ ಕೊರೆದರು. ಆಮೇಲೆ ಅರದಿಂದ ಎರಡು ಸಲ ಮೆಲ್ಲನೆ ಉಜ್ಜಿ ಅಂಚು ತೆಗೆದರು. ಪಿಯುಸಿ ಲ್ಯಾಬಿನಲ್ಲಿ ಗೋಳದ ವ್ಯಾಸ ಅಳೆಯುವಾಗ 'ಇದು ಬದುಕಿನಲ್ಲಿ ಯಾತಕ್ಕೆ ಬರುತ್ತದೆ' ಎಂದು ಕೇಳುವ ಮಕ್ಕಳು ಅಲ್ಲಿ ಇರಬೇಕಾಗಿತ್ತು.

ಹೊಸ ಅಲಗು ಬೀಗದಲ್ಲಿ ಸಲೀಸಾಗಿ ತಿರುಗಿತು. ಆದರೆ ಎಂಜಿನ್ ಕೆಮ್ಮಿ ನಿಂತಿತು. ಡ್ಯಾಶ್‌ಬೋರ್ಡಿನಲ್ಲಿ ಬೀಗದ ಕೈ ಚಿತ್ರದ ದೀಪ ಮಿಣುಕತೊಡಗಿತು. ತಮ್ಮನ ಮುಖ ಬಾಡಿತು. ಮಗಳು ಮಾತ್ರ ಹಳೆಯ ಮುರಿದ ತಲೆಯನ್ನು ಬೀಗದ ಪಕ್ಕಕ್ಕೆ ಒತ್ತಿ ಹಿಡಿದು "ಈಗ ತಿರುಗಿಸಿ ಅಪ್ಪಾ" ಎಂದಳು. ಕಾರು ಹತ್ತಿತು, ನಿಲ್ಲಲಿಲ್ಲ. ಕೀ ಮಾಡುವವರು ಅವಳನ್ನು ನೋಡಿ, "ನನ್ನ ಕೆಲಸ ನೀವೇ ಮಾಡಿಬಿಟ್ರಲ್ಲಮ್ಮ" ಎಂದರು. ಆಮೇಲೆ ಹಳೆಯ ತಲೆಯನ್ನು ಜೋಪಾನವಾಗಿ ಬಿಡಿಸಿ, ಚಿಪ್ಪನ್ನು ಚಿಮಟದಿಂದ ಎತ್ತಿ ಹೊಸ ಕವಚದಲ್ಲಿ ಕೂರಿಸಿದರು. ಒಟ್ಟು ಒಂದೂವರೆ ಗಂಟೆಯ ಕೆಲಸ. ಕಾರಿನ ಕಂಪ್ಯೂಟರನ್ನು ಮುಟ್ಟಬೇಕಾಗಿಯೇ ಬರಲಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಚಿಪ್ ಹಳೆಯದೇ.

ನಮ್ಮೂರ ಲಕ್ಷ್ಮೀನರಸಿಂಹ ದೇವಸ್ಥಾನವನ್ನು 1246ರಲ್ಲಿ ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ಅದರ ಗೋಡೆಯ ವಿಗ್ರಹಗಳನ್ನು ಕಡೆದ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಕಲ್ಲಿನಲ್ಲೇ ಉಳಿದಿದೆ. ಕೂದಲೆಳೆಯಷ್ಟು ಅಳತೆಯಲ್ಲಿ ಕೆಲಸ ಮಾಡುವ ಈ ಮನುಷ್ಯನೂ ಅದೇ ಜಾತಿಯ ಕುಶಲಕರ್ಮಿ ಎಂದು ನನಗನ್ನಿಸಿತು. ಆದರೆ ಅವರು ತಮ್ಮ ಕೆಲಸದ ಮೇಲೆ ಹೆಸರು ಕೊರೆಯುವಂತಿಲ್ಲ. ಒಂದು ಗೀರು ಹೆಚ್ಚಾದರೂ ಬೀಗ ಒಪ್ಪುವುದಿಲ್ಲವಲ್ಲ!

ಎಲ್ಲ ಪ್ರಸಂಗಗಳೂ ಹೀಗೇ ಅಗ್ಗವಾಗಿ ಮುಗಿಯುತ್ತವೆ ಎಂದು ನಾನು ಹೇಳಲಾರೆ. ಕವಚ ಮಾತ್ರ ಒಡೆದಿದ್ದರೆ ಎಲ್ಲಕ್ಕಿಂತ ಸುಲಭ. ಹೊಸ ಕವಚಕ್ಕೆ ಒಳಗಿನದನ್ನು ಬದಲಾಯಿಸಿದರೆ ಆಯಿತು. ಅಲಗು ಮುರಿದರೆ ನಮ್ಮ ತಮ್ಮನ ಕಥೆ. ಚಿಪ್ ಕಳೆದಿದ್ದು ಇನ್ನೊಂದು ಒಳ್ಳೆಯ ಕೈ ಇದ್ದರೆ, ಅದರಿಂದ ಹೊಸ ಚಿಪ್ ಸಿದ್ಧಪಡಿಸುವ ಉಪಕರಣ ಜಿಲ್ಲಾ ಕೇಂದ್ರದ ಒಳ್ಳೆಯ ಕೀ ಅಂಗಡಿಗಳಲ್ಲಿ ಇರುತ್ತದೆ. ಇರುವ ಕೈಗಳೆಲ್ಲ ಕಳೆದುಹೋದರೆ ಮಾತ್ರ ಕಷ್ಟ. ಆಗ ಕಾರಿನ ಕಂಪ್ಯೂಟರಿಗೆ ಹೊಸ ಚಿಪ್ಪಿನ ಗುರುತು ಕಲಿಸಬೇಕು. ಗುಂಡಿ ಒತ್ತಿ ಎಂಜಿನ್ ಹತ್ತಿಸುವ ಹೊಸ ಕಾರುಗಳಲ್ಲಿ ಕೆಲವಕ್ಕೆ ಶೋರೂಮೇ ಗತಿ. ಬಾಗಿಲು ಯಾವುದು ಎಂದು ತಿಳಿದ ಮೇಲೆ ತಟ್ಟಬೇಕು. ಎಲ್ಲಕ್ಕೂ ದೊಡ್ಡ ಬಾಗಿಲನ್ನೇ ತಟ್ಟಬೇಕಾಗಿಲ್ಲ.

ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದೆ ಎಂಬ ಹೆದರಿಕೆಯೂ ಜನರಲ್ಲಿದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಬಗೆಗೆ ಒಂದು ದೊಡ್ಡ ಆದೇಶ ಹೊರಡಿಸಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ರಿಪೇರಿಯವರಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ ಒಟ್ಟು ರೂ. 2,544 ಕೋಟಿಗೂ ಹೆಚ್ಚು ದಂಡ ವಿಧಿಸಿತು. ಹೊರಗೆ ರಿಪೇರಿ ಮಾಡಿಸಿದರೆಂಬ ಒಂದೇ ಕಾರಣಕ್ಕೆ ವಾರಂಟಿಯನ್ನೆಲ್ಲ ರದ್ದು ಮಾಡಕೂಡದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಆದರೆ ಪ್ರಶ್ನೆ ಎದ್ದದ್ದು ಅಲ್ಲಿಗೇ ನಿಲ್ಲಲಿಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿತು. ಅದು ಕೈಗೆತ್ತಿಕೊಂಡ ವಿಷಯಗಳಲ್ಲಿ ವಾಹನಗಳೂ ಸೇರಿವೆ. ನಾವು ಹಣ ಕೊಟ್ಟು ಕೊಂಡ ವಸ್ತುವನ್ನು ನಮಗೆ ಬೇಕಾದವರಿಂದ ರಿಪೇರಿ ಮಾಡಿಸಿಕೊಳ್ಳಬಹುದೇ ಎಂಬುದು ಸಣ್ಣ ಪ್ರಶ್ನೆಯಲ್ಲ.

ತಮ್ಮ ಮುರಿದ ತುಂಡುಗಳನ್ನು ತಿಪ್ಪೆಗೆ ಎಸೆಯಲು ಹೊರಟಿದ್ದ. ಕೀ ಮಾಡುವವರೇ ತಡೆದರು. ಕಾರು ಕಳುವಾಗಿ ವಿಮೆ ಕೇಳಲು ಹೋದರೆ ಕಂಪನಿಯವರು ಸಾಮಾನ್ಯವಾಗಿ ಮೂಲ ಕೈಗಳನ್ನೆಲ್ಲ ತೋರಿಸಿ ಎನ್ನುತ್ತಾರೆ. ಮುರಿದದ್ದಾದರೂ ಅದು ಸಾಕ್ಷಿ. ರಿಪೇರಿಯ ರಸೀದಿಯ ಜೊತೆ ಅದನ್ನೂ ವಿಮೆಯ ಕಾಗದದೊಳಗೆ ಇಡಬೇಕು. ಕೈ ಕಳೆದರೆ ಖರ್ಚು ಕೊಡುವ ಹೆಚ್ಚುವರಿ ವಿಮೆಯೂ ಉಂಟು. ನಿಮ್ಮ ಪಾಲಿಸಿಯಲ್ಲಿ ಅದು ಇದೆಯೇ ಎಂದು ಒಮ್ಮೆ ಓದಿ ನೋಡುವುದು ಒಳ್ಳೆಯದು.

ಅವರು ಹೋಗುವಾಗ ಹೇಳಿದ ಇನ್ನೆರಡು ಮಾತು. ಸ್ಟೀರಿಂಗ್ ಬಿಗಿದುಕೊಂಡಾಗ ಕೈಗೆ ಒತ್ತಡ ಕೊಡದೆ, ಒಂದು ಕೈಯಿಂದ ಸ್ಟೀರಿಂಗನ್ನು ಆಚೀಚೆ ಮೆಲ್ಲಗೆ ಅಲುಗಿಸುತ್ತ ತಿರುಗಿಸಬೇಕು. ಬೀಗ ಬಿಗಿಯೆನಿಸಿದರೆ ಅಡುಗೆ ಎಣ್ಣೆ ಬಿಡಬಾರದು, ಅದು ದೂಳನ್ನು ಹಿಡಿದು ಅಂಟಾಗುತ್ತದೆ. ಪೆನ್ಸಿಲಿನ ಸೀಸದ ಪುಡಿಯನ್ನು ಅಲಗಿಗೆ ಸವರಿ ನಾಲ್ಕು ಸಲ ಆಡಿಸಿದರೆ ಸಾಕು. ಮನೆಯಲ್ಲಿ ಮಕ್ಕಳಿದ್ದರೆ ಪೆನ್ಸಿಲಿಗೆ ಬರವಿಲ್ಲ.

ಸೋಮವಾರ ಫೀಸು ಕಟ್ಟಿ ಆಯಿತು. ಮುಂದಿನ ತಿಂಗಳ ಬಾಡಿಗೆಯ ಹಣದಲ್ಲಿ ತಮ್ಮ ಚನ್ನರಾಯಪಟ್ಟಣಕ್ಕೆ ಹೋಗಿ, ಇರುವ ಕೈಯನ್ನು ಇಟ್ಟುಕೊಂಡು ಎರಡನೆಯದನ್ನು ಮಾಡಿಸಿಕೊಂಡು ಬಂದ. ಒಂದು ಕೈ ಚೆನ್ನಾಗಿರುವಾಗ ಇನ್ನೊಂದನ್ನು ಮಾಡಿಸುವುದಕ್ಕೆ ಬೀಳುವ ಖರ್ಚು, ಒಂದೂ ಇಲ್ಲದಾಗ ಬೀಳುವ ಖರ್ಚಿನ ಮುಂದೆ ಏನೂ ಅಲ್ಲ. ಈ ಲೆಕ್ಕ ಬೀಗದ ಕೈಗೆ ಮಾತ್ರವಲ್ಲ, ಓದಿಗೂ ಅನ್ವಯಿಸುತ್ತದೆ ಎಂದು ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಕಾರೋ ಸ್ಕೂಟರೋ ಇದ್ದರೆ ಇವತ್ತು ಸಂಜೆ ಒಂದು ಕೆಲಸ ಮಾಡಿ. ಅದರ ಎರಡನೆಯ ಕೈ ಎಲ್ಲಿದೆ, ನಂಬರಿನ ಆ ಪುಟ್ಟ ಬಿಲ್ಲೆ ಎಲ್ಲಿದೆ ಎಂದು ಮನೆಮಂದಿಯೆಲ್ಲ ಕೂಡಿ ಹುಡುಕಿ. ಸಿಕ್ಕರೆ ಒಂದೇ ಜಾಗದಲ್ಲಿಡಿ. ಸಿಗದಿದ್ದರೆ, ಮೊದಲನೆಯದು ಗಟ್ಟಿಯಾಗಿರುವಾಗಲೇ ಕೀ ಮಾಡುವವರ ಅಂಗಡಿಯ ದಾರಿ ಹಿಡಿಯಿರಿ.